ವಿಕೇಂದ್ರೀಕೃತ ಇಂಧನ: ಯಂತ್ರವೂ ಯಜಮಾನಿಕೆಯೂ

(ನಮ್ಮ ಸಂಘದ ವಾರ್ಷಿಕ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ ಮತ್ತು ಸಂಸ್ಕೃತಿಯ ಚರ್ಚೆಗೆ ಮೀಸಲಾದ ಈ ವೇದಿಕೆಯ ಮೇಲೆ ವಿದ್ಯುಚ್ಛಕ್ತಿಯ ವಿಷಯವಾಗಿ ಮಾತನಾಡುವಂತೆ ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಸಾಹಿತಿಯಲ್ಲ. ಈ ನಗರದ ಕಾರ್ಖಾನೆಗಳಲ್ಲಿ ಮೂವತ್ತೈದು ವರ್ಷ ವಿದ್ಯುತ್ ಎಂಜಿನಿಯರಾಗಿ ದುಡಿದು ನಿವೃತ್ತನಾದವನು. ಆದರೂ ಒಪ್ಪಿಕೊಂಡೆ. ವಿದ್ಯುತ್ತು ಕೇವಲ ತಂತಿಯ ವಿಷಯವಲ್ಲ. ಯಾರ ನೆಲ ಮುಳುಗಬೇಕು, ಯಾರ ಮನೆ ಬೆಳಗಬೇಕು, ಈ ತೀರ್ಮಾನ ಯಾರದು ಎಂಬ ಪ್ರಶ್ನೆಗಳೂ ಅದರಲ್ಲಿವೆ. ಆ ಪ್ರಶ್ನೆಗಳನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಮನೆಯಲ್ಲಿ ಕಂಡಿದ್ದೆ.

ನನ್ನೂರು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ಆಚೆ ದಡದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾನು ಶಾಲೆಯ ಹುಡುಗ. ನಮ್ಮ ಗದ್ದೆ ನೀರಿನಡಿ ಹೋಯಿತು. ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ದೊಡ್ಡ ದೊಡ್ಡ ಗೋಪುರಗಳ ಮೇಲಿನ ತಂತಿಗಳಲ್ಲಿ ಕಾಡು ದಾಟಿ ಊರಿನಾಚೆ ಹೋಗುವುದನ್ನು ನಾವು ಬುಡ್ಡಿದೀಪದ ಬೆಳಕಿನಲ್ಲಿ ಕುಳಿತು ನೋಡುತ್ತಿದ್ದೆವು. ನಮ್ಮ ಮನೆಗೆ ದೀಪ ಬರಲು ಮುಂದೆ ಎರಡು ದಶಕಗಳೇ ಬೇಕಾದವು. ನಾನು ವಿದ್ಯುತ್ ಎಂಜಿನಿಯರಿಂಗ್ ಓದಿದ್ದು ಬಹುಶಃ ಆ ತಂತಿಗಳ ಮೇಲಿನ ಸಿಟ್ಟಿನಿಂದಲೇ ಇರಬೇಕು.

ಇದು ನಮ್ಮೂರೊಂದರ ಕಥೆಯಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುದುತ್ಪಾದನೆ ಆರಂಭವಾಯಿತೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನ ನ್ಯಾಯವಾದದ್ದೇ. ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಹಳ್ಳಿಗಳ ಸರದಿ ಬರಲು ಹಲವು ದಶಕಗಳು ಹಿಡಿದವು. ನಾವು ಬಂದು ನೆಲೆಸಿರುವ ಈ ಮುಂಬಯಿಯ ಚರಿತ್ರೆಯೂ ಬೇರೆಯಲ್ಲ. 1915ರಲ್ಲಿ ಖೋಪೋಲಿಯಿಂದ ಬಂದ ಜಲವಿದ್ಯುತ್ತು ಇಲ್ಲಿನ ಹತ್ತಿಯ ಗಿರಣಿಗಳನ್ನು ನಡೆಸಿತು. ಮುಂದೆ ಪುಣೆಯ ಬಳಿ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ, ಭೂಮಿ ಕಳೆದುಕೊಳ್ಳಲಿದ್ದ ಮಾವಳ ಪ್ರದೇಶದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅದರ ಮುಂದಾಳಾಗಿದ್ದರು. ಸತ್ಯಾಗ್ರಹ ಸೋತಿತು, ಅಣೆಕಟ್ಟು ಎದ್ದಿತು.

ದೊಡ್ಡ ಸ್ಥಾವರ, ಉದ್ದನೆಯ ತಂತಿ, ದೂರದ ಬಳಕೆದಾರ: ಕೇಂದ್ರೀಕೃತ ವ್ಯವಸ್ಥೆಯೆಂದರೆ ಇದು. ಇದಕ್ಕೆ ಪ್ರತಿಯಾಗಿ ಬೇಕಾದಲ್ಲೇ, ಬೇಕಾದಷ್ಟನ್ನೇ, ಅಲ್ಲಿ ಸಿಗುವ ಮೂಲದಿಂದಲೇ ಉತ್ಪಾದಿಸುವ ಕ್ರಮವನ್ನು ವಿಕೇಂದ್ರೀಕೃತ ವ್ಯವಸ್ಥೆ ಎನ್ನುತ್ತೇವೆ. ಇಂದು ಈ ಮಾತು ಎಲ್ಲರ ಬಾಯಲ್ಲೂ ಇದೆ. ಆದ್ದರಿಂದಲೇ ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಸೂರ್ಯನಿಂದ ಬಂದದ್ದೆಲ್ಲ ವಿಕೇಂದ್ರೀಕೃತವಲ್ಲ.

ತುಮಕೂರು ಜಿಲ್ಲೆಯೊಂದನ್ನೇ ನೋಡಿ. ಅದರ ಉತ್ತರಕ್ಕೆ ಪಾವಗಡದಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗೇಣಿಗೆ ಪಡೆದು ಅದನ್ನು ನಿರ್ಮಿಸಿದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ನಿಗದಿಯಾಯಿತು. ಬರಗಾಲದ ಸೀಮೆಯಲ್ಲಿ ಭೂಮಿಯುಳ್ಳವರಿಗೆ ಅದೊಂದು ಆಸರೆಯೇ ಹೌದು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಗೇಣಿಯಲ್ಲಿ ಪಾಲಿಲ್ಲ. ಇಂಧನ ಹೊಸದು, ರಚನೆ ಶಿವನಸಮುದ್ರದ ಕಾಲದ್ದೇ. ಅದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿ 1987ರಲ್ಲಿ ನಡೆಯತೊಡಗಿದ ಯಂತ್ರದ ಸಾಮರ್ಥ್ಯ ಕೇವಲ 5 ಕಿಲೋವ್ಯಾಟ್. ಪಾವಗಡದ ನಾಲ್ಕು ಲಕ್ಷದಲ್ಲಿ ಒಂದು ಪಾಲು. ಆದರೆ ನನ್ನ ತಿಳಿವಳಿಕೆಯಲ್ಲಿ, ಕಲಿಯಬೇಕಾದ ಪಾಠ ಹೆಚ್ಚಾಗಿರುವುದು ಈ ಸಣ್ಣ ಯಂತ್ರದಲ್ಲಿಯೇ. ಆದಕಾರಣ ಪುರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ವಿಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವುದು ಅದರ ಗುರಿ. ರೆಡ್ಡಿಯವರು ಮೂಲತಃ ವಿದ್ಯುತ್ ರಸಾಯನ ವಿಜ್ಞಾನಿ. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯೂರಿ, ಸುತ್ತಲಿನ ಆರು ಹಳ್ಳಿಗಳಲ್ಲಿ ಜನ ಎಲ್ಲಿಂದ ಎಷ್ಟು ಶಕ್ತಿ ಪಡೆಯುತ್ತಾರೆ, ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ಮನೆಮನೆಗೂ ಹೋಗಿ ಅಳೆಯಿತು. ಹಳ್ಳಿಯ ಶಕ್ತಿಯ ಅತಿ ದೊಡ್ಡ ಪಾಲು ಸೌದೆಯದು. ವಿದ್ಯುತ್ತು, ಸೀಮೆಎಣ್ಣೆಗಳ ಪಾಲು ಅತ್ಯಲ್ಪ. ಮನುಷ್ಯಶ್ರಮದ ಲೆಕ್ಕ ಹಾಕಿದಾಗ ಅರ್ಧಕ್ಕಿಂತ ಹೆಚ್ಚಿನ ಭಾಗ ಹೆಂಗಸರದು. ಸೌದೆ ತರುವುದು, ನೀರು ಹೊರುವುದು, ಅಡಿಗೆ ಮಾಡುವುದು, ಇವೆಲ್ಲ ಇಂಧನದ ಸಮಸ್ಯೆಗಳೆಂದು ಯೋಜನಾಕಾರರು ಅದುವರೆಗೆ ಭಾವಿಸಿರಲಿಲ್ಲ.

ಪುರದಲ್ಲಿ ಮೊದಲು ಸಾಮೂಹಿಕ ಗೋಬರ್ ಅನಿಲ ಸ್ಥಾವರ ಕಟ್ಟಿ, ಅನಿಲವನ್ನು ಅಡಿಗೆಗೆ ಕೊಡುವ ಪ್ರಯತ್ನ ನಡೆಯಿತು. ಅದು ಸಫಲವಾಗಲಿಲ್ಲ. ಕಾರಣ ಸರಳವಾದ ಲೆಕ್ಕ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಒಂದು ಸಂಸಾರದ ದಿನದ ಅಡಿಗೆಗೆ ಹೆಚ್ಚುಕಡಿಮೆ ಅಷ್ಟು ಅನಿಲ ಬೇಕು. ಹಗಲೆಲ್ಲ ಮೇಯಲು ಹೋಗುವ ನಾಟಿ ದನಗಳಿಂದ ಕೊಟ್ಟಿಗೆಯಲ್ಲಿ ಸಿಗುವ ಸಗಣಿ ಅಷ್ಟಿಲ್ಲ. ಊರಿನ ಒಲೆಗಳಿಗೆಲ್ಲ ಅನಿಲ ಸಾಲಲಿಲ್ಲ. ಅರ್ಧ ಅಡಿಗೆಗೆ ಅನಿಲ, ಅರ್ಧಕ್ಕೆ ಸೌದೆ ಎಂದಾದರೆ ಜನ ಅದರಲ್ಲಿ ಏಕೆ ಆಸಕ್ತಿ ವಹಿಸುತ್ತಾರೆ?

ಇಲ್ಲಿ ವಿಜ್ಞಾನಿಗಳು ಜನರನ್ನು ದೂರಲಿಲ್ಲ. ನಿಮಗೆ ನಿಜವಾಗಿ ಬೇಕಾದದ್ದೇನು ಎಂದು ಕೇಳಿದರು. ಉತ್ತರ ಬಂದದ್ದು: ಕುಡಿಯುವ ನೀರು. ಆಗ ಇಡೀ ವಿನ್ಯಾಸವೇ ಬದಲಾಯಿತು. ಅನಿಲವನ್ನು ಒಲೆಗಳ ಬದಲು ಒಂದು ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಅನಿಲ ಕೇವಲ ಒತ್ತಡದಿಂದ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಹೊತ್ತಿಸಲು ಸ್ವಲ್ಪ ಡೀಸೆಲ್ ಬೇಕು. ಉಳಿದ ಕೆಲಸವನ್ನು ಅನಿಲ ಮಾಡುತ್ತದೆ. ಎಂಜಿನ್ನಿಗೆ ಜೋಡಿಸಿದ ಜನರೇಟರಿನಿಂದ ಕೊಳವೆಬಾವಿಯ ಪಂಪು ನಡೆಯಿತು, ನಲ್ಲಿಗಳಲ್ಲಿ ನೀರು ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಹೊತ್ತಿತು. ಅಡಿಗೆಗೆ ಸಾಲದ ಅನಿಲ ನೀರಿಗೂ ಬೆಳಕಿಗೂ ಸಾಕಾಯಿತು.

ವಿನ್ಯಾಸ ಅಲ್ಲಿಗೆ ಮುಗಿಯಲಿಲ್ಲ. ಸಗಣಿ ತಂದವರ ಸಗಣಿಯನ್ನು ತೂಗಿ ಲೆಕ್ಕ ಬರೆದುಕೊಳ್ಳುತ್ತಿದ್ದರು. ಕಿಲೋಗೆ ಎರಡು ಪೈಸೆಯಂತೆ ತಂದವರಿಗೆ ಕೂಲಿ. ಅನಿಲ ಬಿಟ್ಟ ಮೇಲೆ ಉಳಿದ ಬಗ್ಗಡ ಒಳ್ಳೆಯ ಗೊಬ್ಬರ; ಅದು ತಂದವರಿಗೇ ವಾಪಸು. ಸಗಣಿ ಹೊತ್ತು ತರುತ್ತಿದ್ದವರು ಬಹುಮಟ್ಟಿಗೆ ಹೆಂಗಸರು, ಮಕ್ಕಳು. ಆದ್ದರಿಂದ ಆ ಕಾಸು ಅವರ ಕೈಗೇ ಸೇರಿತು. ಯಂತ್ರ ನಡೆಸಿದವರು ಊರಿನ ಇಬ್ಬರು ಯುವಕರು. ದೀಪದ ಮತ್ತು ನೀರಿನ ಶುಲ್ಕವನ್ನು ಊರಿನ ಸಮಿತಿಯೇ ವಸೂಲು ಮಾಡಿತು. ಸಹಕರಿಸದವನು ತನ್ನ ನೀರನ್ನೂ ಬೆಳಕನ್ನೂ ತಾನೇ ಕಳೆದುಕೊಳ್ಳುತ್ತಾನೆ. ಆದ್ದರಿಂದ ಪ್ರತಿಯೊಬ್ಬನ ಸ್ವಾರ್ಥ ಮತ್ತು ಊರಿನ ಹಿತ ಒಂದೇ ದಿಕ್ಕಿಗೆ ಎಳೆದವು. ಇದು ಉಪದೇಶದಿಂದ ಆದದ್ದಲ್ಲ, ಲೆಕ್ಕದಿಂದ ಆದದ್ದು. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಕಟ್ಟಿಗೆಯ ಅನಿಲದಿಂದ ನಡೆಯುವ ಯಂತ್ರವೂ ಇದೇ ಬಗೆಯಲ್ಲಿ ಮನೆಗಳಿಗೆ ದೀಪ, ನಲ್ಲಿ ನೀರು ಮತ್ತು ಹಿಟ್ಟಿನ ಗಿರಣಿಯ ಸೌಕರ್ಯ ಒದಗಿಸಿತು.

ರೆಡ್ಡಿಯವರು ಈ ಅನುಭವವನ್ನು ಹಳ್ಳಿಗಷ್ಟೇ ಸೀಮಿತಗೊಳಿಸಲಿಲ್ಲ. ಕರ್ನಾಟಕಕ್ಕೆ 2000ನೆಯ ಇಸವಿಯಲ್ಲಿ ಎಷ್ಟು ವಿದ್ಯುತ್ತು ಬೇಕಾದೀತೆಂದು ಸರ್ಕಾರದ ಸಮಿತಿಯೊಂದು ಅಂದಾಜು ಮಾಡಿತ್ತು. ಅವರು ಮತ್ತು ಅವರ ಸಂಗಡಿಗರು ಆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಹಳೆಯ ಬಲ್ಬಿನ ಬದಲು ಮಿತವ್ಯಯದ ದೀಪ, ಗೀಸರಿನ ಬದಲು ಸೌರ ಜಲತಾಪಕ, ಒಳ್ಳೆಯ ಪಂಪು, ಇವುಗಳೊಡನೆ ಎಲ್ಲ ಮನೆಗಳಿಗೂ ದೀಪ ಕೊಟ್ಟರೂ ಸಮಿತಿ ಹೇಳಿದ್ದರ ಸುಮಾರು ಐದರಲ್ಲಿ ಎರಡು ಪಾಲು ವಿದ್ಯುತ್ತು ಸಾಕೆಂದು 1991ರಲ್ಲಿ ಲೆಕ್ಕ ತೋರಿಸಿದರು. ಆ ಲೆಕ್ಕ ಆಗ ಬಹಳ ವಿವಾದಕ್ಕೆ ಒಳಗಾಯಿತು. ಇಂದು ಎಲ್‌ಇಡಿ ದೀಪ ಹಾಕಿಕೊಂಡ ಪ್ರತಿ ಮನೆಯೂ ಆ ವಾದದ ಒಂದು ಭಾಗವನ್ನು ಒಪ್ಪಿಕೊಂಡಂತೆಯೇ.

ಬಂಧುಗಳೇ, ಇಷ್ಟೆಲ್ಲ ಓದಿ ತಿಳಿದಿದ್ದ ನಾನು ಸ್ವತಃ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟರೆ ಈ ಉಪನ್ಯಾಸ ಅಪ್ರಾಮಾಣಿಕವಾದೀತು.

2004ರಲ್ಲಿ, ಮುಂಬಯಿಯ ಕೆಲವು ಸ್ನೇಹಿತರಿಂದ ಹಣ ಕೂಡಿಸಿ, ನನ್ನೂರಿನ ಹನ್ನೆರಡು ಮನೆಗಳಿಗೆ ಸೌರದೀಪ ಹಾಕಿಸಿದೆ. ಊರಿಗೆ ವಿದ್ಯುತ್ತು ಬಂದಿತ್ತಾದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲೆ. ಆ ಕತ್ತಲೆಗೆ ಇದು ಪರಿಹಾರ ಎಂದುಕೊಂಡೆ. ಸಮಾರಂಭ ನಡೆಯಿತು, ಹಾರ ಹಾಕಿದರು. ಎರಡು ವರ್ಷದ ಮೇಲೆ ಹೋಗಿ ನೋಡಿದರೆ ಹನ್ನೆರಡರಲ್ಲಿ ಹೊತ್ತುತ್ತಿದ್ದವು ಮೂರು. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕಬೇಕೆಂದು ನಾನು ಹೇಳಿ ಬಂದಿದ್ದೆ. ಅದನ್ನು ತರಲು ಲಾಂಚಿನಲ್ಲಿ ಹೊಳೆ ದಾಟಿ ಸಾಗರಕ್ಕೆ ಹೋಗಬೇಕು. ಕೆಲವರು ಬಾವಿಯ ನೀರನ್ನೇ ಹಾಕಿದ್ದರು. ಒಬ್ಬರು ಅದೇ ಬ್ಯಾಟರಿಯಿಂದ ದೂರದರ್ಶನವನ್ನೂ ನಡೆಸಿದ್ದರು. ರಿಪೇರಿ ಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ನನ್ನ ಲೆಕ್ಕದಲ್ಲಿಯೇ ಇತ್ತು. ಸೌರವ್ಯವಸ್ಥೆಯ ಲೆಕ್ಕ ಹೀಗಿರುತ್ತದೆ: ಇಂದಿನ ಏಳು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 140 ವ್ಯಾಟ್‌ಗಂಟೆ. ಮಿತವ್ಯಯದ ಒಂದು ಫ್ಯಾನು, ಸ್ವಲ್ಪ ಹೊತ್ತು ದೂರದರ್ಶನ, ಮೊಬೈಲು ಸೇರಿದರೆ ದಿನಕ್ಕೆ ಸುಮಾರು 500, ಅಂದರೆ ಅರ್ಧ ಯೂನಿಟ್ಟು. ನಮ್ಮ ನಾಡಿನಲ್ಲಿ ಸರಾಸರಿ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದು, ತಂತಿ ಮತ್ತು ಬ್ಯಾಟರಿಯ ನಷ್ಟಕ್ಕೆ ಶೇಕಡಾ 30 ಬಿಟ್ಟರೆ, 150 ವ್ಯಾಟಿನ ಫಲಕ ಸಾಕು. ನಾನು ಆಗ ಮಾಡಿದ್ದೂ ಇಂತಹದೇ ಲೆಕ್ಕ. ಆದರೆ ಸರಾಸರಿ ಎಂಬುದು ವರ್ಷದ್ದು. ದೀಪ ಬೇಕಾದದ್ದು ಆಷಾಢದಲ್ಲಿ. ಮಲೆನಾಡಿನ ಆಷಾಢದಲ್ಲಿ ಬಿಸಿಲೆಲ್ಲಿ? ಅತ್ಯಂತ ಅಗತ್ಯವಿದ್ದ ದಿನಗಳಲ್ಲೇ ನನ್ನ ಫಲಕಗಳು ಕಣ್ಣು ಮುಚ್ಚಿಕೊಂಡಿದ್ದವು.

ಆಗ ಎಂಬತ್ತು ದಾಟಿದ್ದ ನನ್ನ ಸೋದರತ್ತೆ ಅಂಗಳದಲ್ಲಿ ಕುಳಿತು ಹೇಳಿದಳು: "ತಮ್ಮಾ, ದೀಪ ಕೊಟ್ಟೆ, ಸಂತೋಷ. ಆದರೆ ಮಳೆಗಾಲದಲ್ಲಿ ನಮಗೆ ಬಿಸಿಲು ಇರುವುದಿಲ್ಲ, ನೀರು ಇರುತ್ತದೆ. ಅಷ್ಟು ದೂರ ಓದಿದವನು ಇದನ್ನು ಕೇಳಬಾರದಿತ್ತೇ?" ಅವಳ ಬೆನ್ನ ಹಿಂದೆ ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬಂದ ನೀರು ಹಗಲೂ ರಾತ್ರಿ ಕಲ್ಲಿನ ಮೇಲೆ ಸುರಿಯುತ್ತಿತ್ತು. ಬಾಲ್ಯದಿಂದ ಕಂಡ ಆ ನೀರನ್ನು ನನ್ನೊಳಗಿನ ಎಂಜಿನಿಯರು ಒಮ್ಮೆಯೂ ಅಳೆದಿರಲಿಲ್ಲ.

ಅಳೆದೆ. ಸೆಕೆಂಡಿಗೆ ಹತ್ತು ಲೀಟರ್ ನೀರು ಇಪ್ಪತ್ತು ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 1960 ವ್ಯಾಟ್. ಅರ್ಧ ಸೋರಿಹೋದರೂ ಒಂದು ಕಿಲೋವ್ಯಾಟಿನಷ್ಟು ಕೈಗೆ ಸಿಗುತ್ತದೆ. ಮಲೆನಾಡಿನ ಅನೇಕ ತೋಟಗಳಲ್ಲಿ ಇಂತಹ ಪುಟ್ಟ ಟರ್ಬೈನುಗಳು ನಡೆದಿವೆ. ಇಲ್ಲಿ ದೊಡ್ಡ ಅಣೆಕಟ್ಟೆ ಬೇಕಿಲ್ಲ. ಕೊಳವೆಯಲ್ಲಿ ಇಳಿದ ನೀರು ಚಕ್ರ ತಿರುಗಿಸಿ ಮತ್ತೆ ಹಳ್ಳಕ್ಕೇ ಸೇರುತ್ತದೆ. ನಮ್ಮೂರಿನ ಮೂರು ಮನೆಗಳವರು ಸೇರಿ 2008ರಲ್ಲಿ ಒಂದನ್ನು ಹಾಕಿಕೊಂಡರು. ಈ ಸಲ ಸಮಾರಂಭವಿರಲಿಲ್ಲ. ಅರ್ಧ ಹಣ ಅವರದು. ಊರಿನ ಹುಡುಗನೊಬ್ಬ ಬೇರಿಂಗು ಬದಲಿಸುವುದನ್ನು ಕಲಿತ. ಮನೆಗೆ ತಿಂಗಳಿಗಿಷ್ಟೆಂದು ರಿಪೇರಿಯ ನಿಧಿಗೆ ಹಾಕುವ ಕಟ್ಟಳೆಯಾಯಿತು. ಜೂನ್‌ನಿಂದ ಹಳ್ಳ ಸೊರಗುವವರೆಗೆ ಟರ್ಬೈನು, ಬೇಸಿಗೆಯಲ್ಲಿ ಉಳಿದ ಸೌರಫಲಕಗಳು. ಮೋಡ ಬಿಸಿಲನ್ನು ಕಸಿದ ತಿಂಗಳಲ್ಲೇ ಹಳ್ಳ ತುಂಬುತ್ತದೆ. ಪ್ರಕೃತಿ ಆ ಜೋಡಣೆಯನ್ನು ಮೊದಲೇ ಮಾಡಿಟ್ಟಿತ್ತು. ನಾವು ಕೇಳಿ ತಿಳಿಯಬೇಕಿತ್ತು ಅಷ್ಟೆ.

ಹಣದ ಜೋಡಣೆಯೂ ವಿನ್ಯಾಸದ ಭಾಗವೇ. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಕಲಿಸಿದ ಪಾಠ ಇದು. ತಿಂಗಳಿಗೆ ಮುನ್ನೂರು ರೂಪಾಯಿ ಕೊಡಲಾರದ ಬೀದಿ ವ್ಯಾಪಾರಿ ದಿನಕ್ಕೆ ಹತ್ತು ರೂಪಾಯಿ ಕೊಡಬಲ್ಲಳು. ಮೊತ್ತ ಒಂದೇ, ಆದರೆ ಅವಳ ಗಳಿಕೆ ದಿನದ್ದು. ಸಾಲದ ಕಂತನ್ನು ಅವಳ ಬದುಕಿಗೆ ಹೊಂದಿಸದೆ ಅವಳು ಬಡವಳು, ಕೊಳ್ಳಲಾರಳು ಎಂದು ತೀರ್ಪು ಕೊಡುವುದು ಅನ್ಯಾಯ.

ಇನ್ನೊಂದು ಪ್ರಶ್ನೆಯನ್ನು ಮರೆಮಾಚಬಾರದು. ದೊಡ್ಡ ತಂತಿ ಬಂದಾಗ ಸಣ್ಣ ವ್ಯವಸ್ಥೆಗಳ ಗತಿಯೇನು? ಬಿಹಾರದ ಧರ್ನಾಯಿ ಎಂಬ ಹಳ್ಳಿಯಲ್ಲಿ 2014ರಲ್ಲಿ 100 ಕಿಲೋವ್ಯಾಟಿನ ಸೌರ ಸ್ಥಾವರ ಬಂತು. ದಶಕಗಳ ಕತ್ತಲೆ ಹರಿಯಿತೆಂದು ದೇಶವೆಲ್ಲ ಕೊಂಡಾಡಿತು. ಸ್ವಲ್ಪ ಕಾಲದಲ್ಲೇ ಅಗ್ಗದ ದರದ ಸರ್ಕಾರಿ ವಿದ್ಯುತ್ತೂ ಬಂತು. ಜನ ಅದರತ್ತ ಹೊರಳಿದರು, ಬ್ಯಾಟರಿಗಳು ಸತ್ತವು, ಸ್ಥಾವರ ನಿಂತುಹೋಯಿತು. ನಮ್ಮ ಪುರದ ಯಂತ್ರವೂ ಇಂದು ನಡೆಯುತ್ತಿಲ್ಲ. ಆದ್ದರಿಂದ ಸಣ್ಣದೆಲ್ಲ ಸುಂದರ ಎಂಬ ಭಾವುಕತೆ ನನಗಿಲ್ಲ. ಆಸ್ಪತ್ರೆಗೆ, ರೈಲಿಗೆ, ಕಾರ್ಖಾನೆಗೆ ದೊಡ್ಡ ಜಾಲ ಬೇಕು. ಹಳ್ಳಿಯ ಬಡವನಿಗೂ ನಗರದವನಿಗೆ ಸಿಗುವ ಜಾಲದ ವಿದ್ಯುತ್ತಿನ ಮೇಲೆ ಹಕ್ಕಿದೆ. ನಿನಗೆ ಎರಡು ಸೌರದೀಪ ಸಾಕು ಎಂದು ಅವನಿಗೆ ಹೇಳುವ ಅಧಿಕಾರ ನಮಗಿಲ್ಲ.

ಆದರೆ ದೊಡ್ಡ ಜಾಲವೂ ಅಭೇದ್ಯವಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಅರ್ಧ ದೇಶವೇ ಕತ್ತಲಾಯಿತು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯ ಲೋಕಲ್ ರೈಲುಗಳು ನಿಂತದ್ದು ನಿಮಗೆ ನೆನಪಿದೆ. ಹೊರಗಿನ ಜಾಲ ಕುಸಿದರೂ ತಾನು ಪ್ರತ್ಯೇಕವಾಗಿ ಉಳಿಯಬೇಕೆಂದೇ ಈ ನಗರದ ವಿದ್ಯುತ್ ವ್ಯವಸ್ಥೆಯನ್ನು ರೂಪಿಸಿದ್ದರು. ಅಂದು ಅದು ಉಳಿಯಲಿಲ್ಲ. ಆದ್ದರಿಂದ ಸಣ್ಣದು ಅಥವಾ ದೊಡ್ಡದು ಎಂದು ಒಂದನ್ನೇ ಆರಿಸುವುದಲ್ಲ, ಎರಡೂ ಪರಸ್ಪರ ಆಧಾರವಾಗುವಂತೆ ಜೋಡಿಸುವುದು ಇಂದಿನ ಕೆಲಸ.

ಆ ಜೋಡಣೆಯಲ್ಲೂ ಎಚ್ಚರ ಬೇಕು. 2024ರಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಛಾವಣಿಗೆ ಸೌರಫಲಕ ಹಾಕುವ ಯೋಜನೆ ಆರಂಭಿಸಿತು. ನಮ್ಮ ಹೌಸಿಂಗ್ ಸೊಸೈಟಿಗಳಲ್ಲೂ ಅದರ ಚರ್ಚೆ ನಡೆದಿದೆ. ಸಾಮಾನ್ಯವಾಗಿ ಹಾಕುವ ಇನ್ವರ್ಟರು ಜಾಲದಲ್ಲಿ ವಿದ್ಯುತ್ತು ಹೋದ ಕೂಡಲೇ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಕೆಲಸಗಾರನ ಪ್ರಾಣರಕ್ಷಣೆಗಾಗಿ ಅದು ಹಾಗೆ ನಿಲ್ಲಲೇಬೇಕು. ಛಾವಣಿಯ ಮೇಲೆ ಸುಡುಬಿಸಿಲಿದ್ದರೂ ಕೆಳಗೆ ಲಿಫ್ಟು ನಿಂತಿರುತ್ತದೆ. ಕತ್ತಲಲ್ಲೂ ಬೆಳಕು ಬೇಕಾದರೆ ಬ್ಯಾಟರಿಯೂ, ಜಾಲದಿಂದ ಬೇರ್ಪಟ್ಟು ನಡೆಯಬಲ್ಲ ಇನ್ವರ್ಟರೂ ಬೇಕು. ಇದನ್ನು ಮೊದಲೇ ಕೇಳಿ ತಿಳಿದು ಸಹಿ ಹಾಕಿ.

ವಿದ್ಯುತ್ತಿನ ಶೇಖರಣೆಯ ಪ್ರಶ್ನೆ ನನ್ನನ್ನು ಮತ್ತೆ ಶರಾವತಿಗೇ ಕರೆದೊಯ್ಯುತ್ತದೆ. ಹಗಲಿನ ಸೌರವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಸಂಜೆ ಇಳಿಸಿ ವಿದ್ಯುತ್ತು ಪಡೆಯಲು ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಯೋಜನೆಯೊಂದನ್ನು ಸರ್ಕಾರ ಮುಂದಿಟ್ಟಿತು. ಸಿಂಗಳೀಕಗಳ ಕಾಡು ಅದು. ಶೇಖರಣೆ ಬೇಕೆಂಬುದನ್ನು ಎಂಜಿನಿಯರನಾಗಿ ನಾನು ಅಲ್ಲಗಳೆಯಲಾರೆ. ಆದರೆ ಒಂದು ಸಲ ತನ್ನ ಗದ್ದೆಗಳನ್ನು ಕೊಟ್ಟ ಕಣಿವೆಯ ಮುಂದೆ ಮತ್ತೆ ಕೈಯೊಡ್ಡುವ ಮೊದಲು, ಬಳಸುವ ನಗರಗಳು ತಮ್ಮ ಛಾವಣಿಯಲ್ಲಿ, ತಮ್ಮ ಬ್ಯಾಟರಿಯಲ್ಲಿ, ತಮ್ಮ ಮಿತವ್ಯಯದಲ್ಲಿ ಎಷ್ಟು ಮಾಡಿವೆ ಎಂಬ ಲೆಕ್ಕವನ್ನು ಕೊಡಬೇಕು. ಈ ಲೆಕ್ಕ ಕೇಳುವ ಹಕ್ಕು ನನಗಿದೆ. ನಗರವಾಸಿಯಾಗಿ ಕೊಡುವ ಹೊಣೆಯೂ ನನ್ನದೇ.

ಹೊರನಾಡ ಕನ್ನಡಿಗರಾದ ನಾವು ಊರನ್ನು ಮರೆತಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಹಣ ಕಳಿಸುತ್ತೇವೆ. ಈಗೀಗ ಸೌರದೀಪಗಳನ್ನೂ ಕಳಿಸುತ್ತೇವೆ. ದಯವಿಟ್ಟು ಕಳಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನಿಮಗೆ ಬೇಕಾದದ್ದೇನು? ನಿಮ್ಮಲ್ಲಿ ಇರುವುದೇನು, ಯಾವ ತಿಂಗಳಲ್ಲಿ? ಕೆಟ್ಟರೆ ಸರಿಪಡಿಸುವವರು ಯಾರು? ಐದು ವರ್ಷದ ಮೇಲೆ ಬ್ಯಾಟರಿಗೆ ಹಣ ಎಲ್ಲಿಂದ? ಈ ನಾಲ್ಕಕ್ಕೂ ಊರಿನವರೇ ಉತ್ತರ ಹೇಳಿದರೆ ಮಾತ್ರ ಅದು ವಿಕೇಂದ್ರೀಕೃತ ವ್ಯವಸ್ಥೆ. ಉತ್ತರ ಮುಂಬಯಿಯಿಂದ ಹೋದರೆ ನಮ್ಮ ಸೌರಫಲಕವೂ ನನ್ನ ಬಾಲ್ಯದ ಆ ದೊಡ್ಡ ತಂತಿಯ ಹಾಗೆಯೇ, ಅವರ ತಲೆಯ ಮೇಲೆ ಹಾದುಹೋಗುವ ವಸ್ತು. ಹನ್ನೆರಡು ಫಲಕಗಳ ಬದಲು ಊರಿನ ಒಬ್ಬ ಹುಡುಗಿಗೋ ಹುಡುಗನಿಗೋ ರಿಪೇರಿಯ ಶಿಕ್ಷಣ ಕೊಡಿಸಿ; ಆ ಹಣ ಹೆಚ್ಚು ಕಾಲ ಬೆಳಗುತ್ತದೆ.

ಸೋದರತ್ತೆ ಈಗಿಲ್ಲ. 2025ರಲ್ಲಿ ಹಿನ್ನೀರಿಗೆ ಸೇತುವೆಯಾಗಿ, ಲಾಂಚಿಗೆ ಕಾಯದೆ ಸಾಗರಕ್ಕೆ ಹೋಗಿಬರುವ ದಿನ ಬಂದಿದೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂದು ಆಯುಷ್ಯವೇ ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ ಎಂಬ ಆಸೆಯಿಂದ ಇಷ್ಟು ಹೊತ್ತು ಮಾತನಾಡಿದೆ.